ಜಯಕ್ಕ ಕಂಡ ಕ್ಷುದ್ರಗ್ರಹ

ಮೇಜಿನ ಖಾನೆಯಲ್ಲಿ ಪೆನ್ನಿನ ರೀಫಿಲ್ಲು ಹುಡುಕುತ್ತಿದ್ದಾಗ ಕಪ್ಪು ರಬ್ಬರಿನ ಮುಚ್ಚಳವೊಂದು ಕೈಗೆ ಸಿಕ್ಕಿತು. ಕುಂಕುಮದ ಡಬ್ಬಿಯ ಮುಚ್ಚಳದಷ್ಟು ಅಗಲ. ಅದು ನನ್ನ ದುರ್ಬೀನಿನ ಒಂದು ಕಣ್ಣಿನ ಮುಚ್ಚಳ. ದುರ್ಬೀನು ಮಾತ್ರ ನನ್ನ ಹತ್ತಿರ ಇಲ್ಲ. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಲ್ಲಿ ಬಸ್ಸಿಳಿದು ಎರಡು ಮೈಲಿ ಒಳಕ್ಕೆ ನಡೆದರೆ ಒಂದು ಊರು ಬರುತ್ತದೆ. ಅಲ್ಲಿ ರೇಷ್ಮೆಹುಳು ಸಾಕುವ ಮನೆಯೊಂದರ ಗೋಡೆಯ ಮೊಳೆಗೆ ಅದು ನೇತುಬಿದ್ದಿದೆ. ತಂದವನು ನಾನು, ನೋಡುವವಳು ಜಯಕ್ಕ. ನನ್ನ ಪಾಲಿಗೆ ಉಳಿದದ್ದು ಮುಚ್ಚಳ.

ಇದನ್ನು ಬೇಸರದಿಂದ ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ. ಇದು ಹೊಟ್ಟೆಕಿಚ್ಚು. ಮಂಡ್ಯದಲ್ಲಿ ಕುಳಿತು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಪತ್ರಿಕೆಗೆ ವರದಿ ಬರೆದವನು ನಾನು. ಒಂದಕ್ಕೆ ಇನ್ನೊಂದರ ಹೆಸರಿಟ್ಟು ಬರೆಯುವ ಅಭ್ಯಾಸವಿಲ್ಲ.

ಜಯಕ್ಕ ನನ್ನ ದೊಡ್ಡಪ್ಪನ ಮಗಳು. ನನಗಿಂತ ಎಂಟು ತಿಂಗಳು ದೊಡ್ಡವಳು. ಎಂಟು ತಿಂಗಳಿಗೆಲ್ಲ ಅಕ್ಕ ಎನ್ನಬೇಕೇ ಎಂದು ಐದನೇ ವಯಸ್ಸಿನಲ್ಲೇ ನಾನು ಅಜ್ಜಿಯ ಹತ್ತಿರ ದೂರು ಕೊಟ್ಟಿದ್ದೆ. “ಎಂಟ್ ದಿನುಕ್ ದೊಡ್ಡೋಳಾದ್ರೂ ಅಕ್ಕನೇ ಕಣ್ಲಾ ನಂಜ, ಓಗು” ಎಂದು ಅಜ್ಜಿ ಕಡತ ಮುಚ್ಚಿದಳು.

ದಾಯಾದಿ ಮತ್ಸರಕ್ಕೆ ಜಮೀನು ಬೇಕು, ಬದು ಬೇಕು ಎಂದು ನೀವು ತಿಳಿದಿರಬಹುದು. ನಮ್ಮಿಬ್ಬರ ನಡುವೆ ಅಂಥದೇನೂ ಇರಲಿಲ್ಲ. ಇದ್ದದ್ದು ಕಣ್ಣು. ಅವಳ ಕಣ್ಣು ಚುರುಕು, ನನ್ನದು ಮಂದ. ದುದ್ದದ ಹತ್ತಿರದ ನಮ್ಮೂರಿನಲ್ಲಿ ಕೆರೆ ಏರಿಯ ಮೇಲೆ ನಿಂತರೆ ದೂರದ ತಿರುವಿನಲ್ಲಿ ಬಸ್ಸು ಕಾಣಿಸುತ್ತಿತ್ತು. ನನಗೆ ಬಸ್ಸೋ ಲಾರಿಯೋ ತಿಳಿಯುವ ಮೊದಲೇ ಅವಳು ಅದರ ಬೋರ್ಡು ಓದಿ ಮುಗಿಸಿರುತ್ತಿದ್ದಳು. ಅಜ್ಜಿ ಕೌದಿ ಹೊಲಿಯುವಾಗ ಸೂಜಿಗೆ ದಾರ ಪೋಣಿಸಲು ಕರೆಯುತ್ತಿದ್ದದ್ದು ಅವಳನ್ನು. ಒಮ್ಮೆ ಅವಳು ಮನೆಯಲ್ಲಿ ಇಲ್ಲದ ದಿನ ನಾನೇ ಮುಂದೆ ಬಿದ್ದು ಸೂಜಿ ತೆಗೆದುಕೊಂಡೆ. ಅಜ್ಜಿ ಸ್ವಲ್ಪ ಹೊತ್ತು ನೋಡಿ, “ದಾರವ ಎಂಜಲು ಮಾಡಿ ಮಾಡಿ ಅಂಬಲಿ ಮಾಡ್ತೀಯೇನ್ಲಾ, ತತ್ತಾ ಇಲ್ಲಿ” ಎಂದು ಕಿತ್ತುಕೊಂಡಳು. ಅಕ್ಕಿ ಆರಿಸಲು ಕೂತರೆ ಜಯಕ್ಕನ ಮೊರದಿಂದ ಕಲ್ಲು ಹೊರಗೆ ಹೋಗುತ್ತಿತ್ತು. ನನ್ನ ಮೊರದ ಕಲ್ಲು ಊಟಕ್ಕೆ ಕೂತಾಗ ಸಿಗುತ್ತಿತ್ತು. ನಾಲ್ಕನೇ ಕ್ಲಾಸಿನಲ್ಲಿ ನನಗೆ ಕನ್ನಡಕ ಬಂತು. ಅದನ್ನು ಹಾಕಿಕೊಂಡ ಮೊದಲ ದಿನ ಬೇವಿನ ಮರಕ್ಕೆ ಬಿಡಿ ಬಿಡಿ ಎಲೆಗಳಿವೆ ಎಂಬುದನ್ನು ಕಂಡು ಬೆರಗಾದೆ. ಜಯಕ್ಕನಿಗೆ ಹೇಳಿದೆ. “ಮತ್ತೇನ್ ಅಂದ್ಕಂಡಿದ್ದೆ?” ಎಂದಳು.

ಇನ್ನು ಯುಗಾದಿಯ ಚಂದ್ರ. ಹಬ್ಬದ ಚಂದ್ರನನ್ನು ನೋಡಿ ಹಿರಿಯರ ಕಾಲಿಗೆ ಬೀಳುವುದು ನಮ್ಮ ಕಡೆ ಎಲ್ಲರ ಮನೆಯಲ್ಲೂ ಉಂಟು. ನಮ್ಮ ಅಜ್ಜಿ ಅದಕ್ಕೊಂದು ಕಾನೂನು ಸೇರಿಸಿದ್ದಳು. ಚಂದ್ರನನ್ನು ಕಂಡವರು ಮಾತ್ರ ಕಾಲಿಗೆ ಬೀಳಬೇಕು. ಕಾಲಿಗೆ ಬಿದ್ದವರಿಗೆ ಮಾತ್ರ ಆ ಸಂಜೆಯ ಒಬ್ಬಟ್ಟು. ಉಗುರು ಕತ್ತರಿಸಿ ಎಸೆದಂಥ ಆ ಗೆರೆಯನ್ನು ಪ್ರತಿ ವರ್ಷ ಮೊದಲು ಕಾಣುತ್ತಿದ್ದವಳು ಜಯಕ್ಕ. ಎಲ್ಲರಿಗಿಂತ ಕೊನೆಗೆ, ಅದು ಮುಳುಗುವ ಹೊತ್ತಿಗೆ, ಕಾಣುತ್ತಿದ್ದವನು ನಾನು.

ಒಂಬತ್ತನೇ ವಯಸ್ಸಿನಲ್ಲಿ ಒಂದು ವರ್ಷ ನನಗೆ ಕಾಣಲೇ ಇಲ್ಲ. ಎಲ್ಲರೂ ಬಿದ್ದೆದ್ದು ಒಳಗೆ ಹೋಗುತ್ತಿದ್ದರು. ತುಪ್ಪದ ವಾಸನೆ ಬೀದಿಗೆ ಬರುತ್ತಿತ್ತು. “ಕಂಡೆ” ಎಂದುಬಿಟ್ಟೆ. “ಎಲ್ಲಿ, ತೋರ್ಸು ನೋಡವ” ಎಂದಳು ಜಯಕ್ಕ. ಅಂದಾಜಿನಲ್ಲಿ ಬೆಟ್ಟು ಮಾಡಿದೆ. ಅವಳು ನನ್ನ ಬೆರಳಿನ ಉದ್ದಕ್ಕೂ ಕಣ್ಣು ಹಾಯಿಸಿದಳು. ಆಮೇಲೆ ನನ್ನ ಮುಖ ನೋಡಿ, “ಊಂ, ಅದೇಯ” ಎಂದಳು. ಅಜ್ಜಿ ನನ್ನ ತಲೆ ಮುಟ್ಟಿ ಹರಸಿದಳು. ನಾನು ಒಬ್ಬಟ್ಟು ತಿಂದೆ. ಆ ಸಂಜೆಯಿಂದ ಎಷ್ಟೋ ವರ್ಷ ನನಗೊಂದು ಗುಟ್ಟಾದ ಹೆಮ್ಮೆ ಇತ್ತು. ಜಯಕ್ಕನ ಕಣ್ಣಿಗೂ ಒಮ್ಮೆ ಮಣ್ಣೆರಚಿದ್ದೇನೆ ಎಂದು.

ಪತ್ರಿಕೆಗೆ ಸೇರಿದ ಮೊದಲ ವಾರ ನಮ್ಮ ಮುಖ್ಯ ಉಪಸಂಪಾದಕರು ನನ್ನನ್ನು ಎದುರು ಕೂರಿಸಿಕೊಂಡು ಹೇಳಿದ್ದು ಒಂದೇ ಮಾತು. ಕಂಡದ್ದನ್ನು ‘ಕಂಡಿತು’ ಎನ್ನು, ಕೇಳಿದ್ದನ್ನು ‘ಎನ್ನಲಾಗಿದೆ’ ಎನ್ನು, ಎರಡನ್ನೂ ಕಲಸಬೇಡ. ಕಲಸಿಲ್ಲ. ನಾಲೆ ಒಡೆದದ್ದು, ಬಸ್ಸು ಮಗುಚಿದ್ದು, ಮಂತ್ರಿಗಳು ಬಂದದ್ದು, ಬಾರದೆ ಹೋದದ್ದು, ಎಲ್ಲಕ್ಕೂ ಈ ನಿಯಮ ನಡೆದಿದೆ. ಕೆಡಿಸಿದ್ದು ಒಂದು ಕಲ್ಲು.

ಮಂಗಳ ಮತ್ತು ಗುರುವಿನ ನಡುವೆ ಸೂರ್ಯನನ್ನು ಸುತ್ತುವ ಲಕ್ಷಗಟ್ಟಲೆ ಕಲ್ಲುಬಂಡೆಗಳಿವೆ. ಅವೇ ಕ್ಷುದ್ರಗ್ರಹಗಳು. ಅವುಗಳಲ್ಲಿ ವೆಸ್ಟಾ ಎಂಬುದು ನಮ್ಮ ಕಣ್ಣಿಗೆ ಎಲ್ಲಕ್ಕಿಂತ ಹೆಚ್ಚು ಹೊಳೆಯುವಂಥದು. ಅದರ ಒಂದು ತುದಿಯನ್ನು ಮಂಡ್ಯದಲ್ಲಿಟ್ಟರೆ ಇನ್ನೊಂದು ತುದಿ ಕಲಬುರಗಿ ಮುಟ್ಟೀತು. ಅಷ್ಟು ದೊಡ್ಡ ಬಂಡೆ ಆಕಾಶದಲ್ಲಿ ಕಾಣುವುದು ಮಾತ್ರ ಸಾಸಿವೆಯ ಹಾಗೆ. ಹೋದ ಬೇಸಿಗೆಯಲ್ಲಿ ಅದು ಭೂಮಿಗೆ ಹತ್ತಿರ ಬಂದಿತ್ತು. ಸಾಮಾನ್ಯ ದುರ್ಬೀನಿನಲ್ಲೇ ಕಾಣುತ್ತದೆ ಎಂದು ಓದಿದೆ. ಭಾನುವಾರದ ಪುರವಣಿಯಲ್ಲಿ ನನ್ನದೊಂದು ಅಂಕಣವಿದೆ. ಈ ಜಿಲ್ಲೆಯಿಂದ ಕ್ಷುದ್ರಗ್ರಹ ನೋಡಿ ಬರೆದವರು ನನಗೆ ತಿಳಿದಂತೆ ಯಾರೂ ಇಲ್ಲ. ಮೊದಲಿಗನಾಗುವ ಆಸೆ ಹುಟ್ಟಿತು. ದುರ್ಬೀನು ಕೊಂಡೆ.

ಮಂಡ್ಯದ ನನ್ನ ಮನೆಯ ಮಹಡಿಯಿಂದ ಕಾಣುವುದು ಹೆದ್ದಾರಿಯ ದೀಪ, ಕಲ್ಯಾಣ ಮಂಟಪದ ದೀಪ, ಎದುರು ಮನೆಯವರ ಬೋರ್‌ವೆಲ್ಲಿನ ಪಕ್ಕದ ದೀಪ. ಕತ್ತಲು ಬೇಕಾದರೆ ಹಳ್ಳಿಗೆ ಹೋಗಬೇಕು. ಒಂದು ಬುಧವಾರ, ಅಮಾವಾಸ್ಯೆ ಹತ್ತಿರವಿತ್ತು, ಅರ್ಧ ಕೇಜಿ ಬೆಣ್ಣೆ ಬಿಸ್ಕತ್ತು ಕಟ್ಟಿಸಿಕೊಂಡು ಜಯಕ್ಕನ ಮನೆಗೆ ಹೋದೆ.

ಅವಳ ಹುಳುಗಳು ಆಗ ನಾಲ್ಕನೇ ಜ್ವರದಿಂದ ಎದ್ದಿದ್ದವು. ಪೊರೆ ಬಿಡುವ ಮುನ್ನ ಹುಳುಗಳು ಮೇವು ಬಿಟ್ಟು ಅಲುಗದೆ ಕೂರುವುದಕ್ಕೆ ಸಾಕುವವರು ಜ್ವರ ಎನ್ನುತ್ತಾರೆ. ನಾಲ್ಕನೆಯದು ಮುಗಿದ ಮೇಲೆ ಅವು ತಿನ್ನುವ ಪರಿ ಬೇರೆ. ಸೊಪ್ಪು ಹಾಸಿದ ಕೂಡಲೇ ಹೆಂಚಿನ ಮೇಲೆ ತುಂತುರು ಬಿದ್ದಂಥ ಸದ್ದು. ನಾನು ಆ ಸದ್ದನ್ನು ಹೊರಗಿನಿಂದಲೇ ಕೇಳಿದೆ. ಹೊರಗಿನವರನ್ನು ಅವಳು ಹುಳುಮನೆಯೊಳಕ್ಕೆ ಬಿಡುವುದಿಲ್ಲ. “ಊರೆಲ್ಲಾ ತಿರುಗ್ದ ಕಾಲು. ಅಲ್ಲೇ ನಿಂತ್ಕ” ಎಂದಳು. ಮಂತ್ರಿಗಳ ಕೋಣೆಗೆ ಪಾಸಿಲ್ಲದೆ ನುಗ್ಗಿದವನು ಹೊಸಿಲಾಚೆ ನಿಂತೆ.

ಒಳಗೆ ದೀಪ ಮಂಕಾಗಿತ್ತು. ಹುಳುಗಳಿಗೆ ಜೋರು ಬೆಳಕು ಆಗಿಬರದು. ಆ ಮಬ್ಬಿನಲ್ಲೇ ಅವಳು ಸ್ಟ್ಯಾಂಡಿನಿಂದ ಸ್ಟ್ಯಾಂಡಿಗೆ ಹೋಗುತ್ತ ಅಲ್ಲೊಂದು ಇಲ್ಲೊಂದು ಹುಳು ಎತ್ತಿ ಪಕ್ಕದ ಡಬ್ಬಕ್ಕೆ ಹಾಕುತ್ತಿದ್ದಳು.

“ಏನದು?”

“ರೋಗದ್ವು.”

“ಎಲ್ಲಾ ಒಂದೇ ಥರ ಇವೆಯಲ್ಲ?”

“ನಿನ್ ಕಣ್ಗೆ.”

ಎಂಟು ಗಂಟೆಗೆ ಮೇವು ಹಾಕಿ ಮುಗಿಸಿ, ಕೈ ತೊಳೆದು ಅವಳು ಮಹಡಿಗೆ ಬಂದಳು. ನಾನು ಆಗಲೇ ಅರ್ಧ ಗಂಟೆಯಿಂದ ಕತ್ತು ನೋಯಿಸಿಕೊಂಡಿದ್ದೆ. ಒಂದು ಕೈಯಲ್ಲಿ ದುರ್ಬೀನು, ಇನ್ನೊಂದರಲ್ಲಿ ಟಾರ್ಚು, ತೊಡೆಯ ಮೇಲೆ ನೋಟ್‌ಬುಕ್ಕು. ಆಗ್ನೇಯದಲ್ಲಿ, ಚಿತ್ತೆಗೂ ವಿಶಾಖೆಗೂ ನಡುವೆ ಒಂದು ಜಾಗವನ್ನು ನಕ್ಷೆ ತೋರಿಸುತ್ತಿತ್ತು. ಅಲ್ಲಿ ಹತ್ತು ಹನ್ನೆರಡು ಚುಕ್ಕಿಗಳಿದ್ದವು. ನೋಡುವುದು, ಟಾರ್ಚು ಹಾಕಿ ಗುರುತು ಮಾಡಿಕೊಳ್ಳುವುದು, ಮತ್ತೆ ನೋಡುವುದು. ಅವಳ ಹೆಜ್ಜೆ ಸದ್ದು ಕೇಳಿದ ಕೂಡಲೇ “ಕಂಡೆ” ಎಂದಿದ್ದೆ.

“ಆ ಬ್ಯಾಟ್ರಿ ಆರ್ಸ್ಲಾ. ಕಣ್ಗೆ ಒಡೀತದೆ.”

“ಬರೆದುಕೊಳ್ಳಬೇಕಲ್ಲಕ್ಕ.”

“ನೋಡಕ್ ಬಂದಿದ್ದೀಯೋ ಬರ‍್ಯಕ್ ಬಂದಿದ್ದೀಯೋ?”

ಕತ್ತಲಿಗೆ ಹೊಂದಿಕೊಂಡ ಕಣ್ಣಿಗೆ ಒಮ್ಮೆ ಬೆಳಕು ಬಿದ್ದರೆ ಮತ್ತೆ ಹೊಂದಿಕೊಳ್ಳಲು ಅರ್ಧ ಗಂಟೆ ಬೇಕು. ಇದು ನನಗೆ ಗೊತ್ತಿಲ್ಲದ ಸಂಗತಿಯಲ್ಲ. ಅಂಕಣದ ಕರಡಿನಲ್ಲಿ ಓದುಗರಿಗೆ ಬುದ್ಧಿವಾದವಾಗಿ ಬರೆದೂ ಇದ್ದೆ. ಆದರೆ ವರದಿಗಾರನ ಕೈ ಕಂಡದ್ದನ್ನು ಆ ಕ್ಷಣವೇ ಬರೆಯದೆ ಬಿಡದು.

ಅವಳು ದುರ್ಬೀನು ಇಸಿದುಕೊಂಡಳು. ಹಾಗೇ ನೋಡುತ್ತ ನಿಂತಳು.

“ಇದ್ರಾಗೆ ಯಾವ್ದು ಆ ಕಲ್ಲು?”

“ನಾಲ್ಕು ದಿನ ಬಿಟ್ಟು ಬಂದು ನೋಡಿದರೆ ಮಿಕ್ಕವೆಲ್ಲ ಇದ್ದಲ್ಲೇ ಇರುತ್ತವೆ. ಜರುಗಿರುವುದು ಯಾವುದೋ ಅದೇ.”

“ಅಂಗಾದ್ರೆ ಇವತ್ತೇ ಎಂಗ್ ಯೋಳ್ದೆ, ಕಂಡೆ ಅಂತವ?”

“ನಕ್ಷೆ ಇದೆಯಲ್ಲ” ಎಂದೆ. ಮೂಲೆಯ ಒಂದು ಚುಕ್ಕಿಯನ್ನು ಅದಾಗಲೇ ವೆಸ್ಟಾ ಎಂದು ಗೊತ್ತುಮಾಡಿ ನೋಟ್‌ಬುಕ್ಕಿನಲ್ಲಿ ಸುತ್ತು ಹಾಕಿದ್ದೆ.

ಜಯಕ್ಕ ಕೆಳಗಿಳಿದು ಹೋಗಿ ಒಂದು ಹಾಳೆ ನ್ಯೂಸ್‌ಪೇಪರು, ಒಂದು ಗೋಣಿಚೀಲ ತಂದಳು. ಹುಳುಗಳ ಕೆಳಗೆ ಹಾಸಲು ಅವಳು ಹಳೇ ಪೇಪರು ಕಟ್ಟುಗಟ್ಟಲೆ ತರಿಸುತ್ತಾಳೆ. ಅದು ನಮ್ಮ ಪತ್ರಿಕೆಯೇ. ನನ್ನ ಬರಹಗಳ ಮೇಲೆ ಅಕ್ಷರಶಃ ಹಿಕ್ಕೆ ಹಾಕಿದ ಏಕೈಕ ಓದುಗ ಬಳಗ ಅವಳ ಮನೆಯಲ್ಲಿದೆ. ಗೋಣಿಯನ್ನು ಮಡಿಸಿ ಅದರ ಮೇಲೆ ಪೇಪರು ಹಾಸಿದಳು. ಬಳೆಗೆ ಸಿಕ್ಕಿಸಿದ್ದ ಸೇಫ್ಟಿಪಿನ್ನು ಬಿಚ್ಚಿದಳು. ಒಂದು ಸಲ ದುರ್ಬೀನಿನಲ್ಲಿ ನೋಡುವುದು, ಕತ್ತಲಲ್ಲೇ ಪೇಪರಿಗೆ ಒಂದು ತೂತು ಚುಚ್ಚುವುದು. ಚುಚ್ಚಿದ ತೂತನ್ನು ಎಡಗೈ ಬೆರಳಿನಿಂದ ಸವರಿ, ಅಳತೆ ಹಿಡಿದು, ಇನ್ನೊಂದು. ದೀಪವೇ ಬೇಡ. ಹನ್ನೊಂದು ತೂತಾದ ಮೇಲೆ ಪಿನ್ನನ್ನು ಮತ್ತೆ ಬಳೆಗೆ ಸಿಕ್ಕಿಸಿಕೊಂಡಳು.

“ನಂಗೊಂದ್ರ ಮ್ಯಾಲೆ ಅನ್ಮಾನ ಅದೆ” ಎಂದಳು.

“ಯಾವುದರ ಮೇಲೆ?”

“ಅದ್ರ ಬಣ್ಣ ವಸಿ ಹಳದಿ, ಹಣ್ಣಾದಂಗದೆ. ಗೂಡು ಕಟ್ಟಕ್ ಬಂದ್ ಹುಳ ಇರ್ತದಲ್ಲ, ಅಂಗೆ. ಸುಮ್ಕಿರು, ನಾಕ್ ದಿನ ಆಗ್ಲಿ.”

ನಾನು ಸುತ್ತು ಹಾಕಿದ ಚುಕ್ಕಿ ಬೆಳ್ಳಗಿತ್ತು; ಅವಳು ಅನುಮಾನಪಟ್ಟದ್ದು ಅದರ ಮೇಲಲ್ಲ. ಅದು ಗೊತ್ತಾದ ಕೂಡಲೇ ನೋಟ್‌ಬುಕ್ಕು ಮುಚ್ಚಿಟ್ಟೆ. ಐವತ್ತು ವರ್ಷದ ಹಿಂದಿನ ಅದೇ ಹೊಟ್ಟೆಕಿಚ್ಚು.

ಭಾನುವಾರದ ಪುಟ ಗುರುವಾರ ಮಧ್ಯಾಹ್ನಕ್ಕೆ ಮುಗಿಯುತ್ತದೆ. ಗಡುವು ಇತ್ತು ನಿಜ. ಆದರೆ ಅದನ್ನು ನೆಪ ಮಾಡುವುದಿಲ್ಲ. ಬೇರೆ ಲೇಖನ ಕೊಡಬಹುದಿತ್ತು; ಯಾವಾಗಲೂ ಎರಡು ಮುಂಗಡವಾಗಿ ಬರೆದಿಟ್ಟಿರುತ್ತೇನೆ. ನಾಲ್ಕು ದಿನ ಕಾದರೆ ಮೊದಲು ಕಂಡವಳು ಜಯಕ್ಕ ಆಗಿಬಿಡಬಹುದು ಎಂಬುದಷ್ಟೇ ನನ್ನ ತಲೆಯಲ್ಲಿತ್ತು. ಬರೆದೆ. ‘ಮಂಗಳನ ಆಚೆಯ ಆ ಬಂಡೆಯನ್ನು ಬುಧವಾರ ರಾತ್ರಿ ಕಣ್ಣಾರೆ ಕಂಡೆ.’ ಜಯಕ್ಕನ ಮಹಡಿ ‘ಮಳವಳ್ಳಿ ಕಡೆಯ ಒಂದು ಮಹಡಿ’ ಆಯಿತು. ಜಯಕ್ಕ ಇರಲೇ ಇಲ್ಲ.

ಭಾನುವಾರ ಲೇಖನ ಬಂತು. ಬೆಳಗಿನಿಂದ ಫೋನುಗಳು ಬಂದವು. ಸಂಜೆ ಮದ್ದೂರಿನಲ್ಲಿ ಬಸ್ಸು ಬದಲಿಸಿ ಜಯಕ್ಕನ ಮನೆ ಮುಟ್ಟಿದಾಗ ಅವಳು ಜಗುಲಿಯಲ್ಲಿ ಚಂದ್ರಂಕಿಗಳ ಧೂಳು ಕೊಡವುತ್ತಿದ್ದಳು. ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಬಿಡುವ ಬಿದಿರಿನ ದೊಡ್ಡ ತಟ್ಟೆಗಳು ಅವು.

“ಓದ್ದೆ ಕಣ್ಲಾ. ಚೆನ್ನಾಗ್ ಬರ್ದಿದ್ದೀಯ” ಎಂದಳು. ಅಷ್ಟೇ. ಅದಕ್ಕಿಂತ ಒಂದೆರಡು ಏಟು ಕೊಟ್ಟಿದ್ದರೆ ವಾಸಿಯಾಗಿತ್ತು.

ಮೇವು ಮುಗಿಸಿ ಮಹಡಿಗೆ ಬಂದಳು. ಮಡಿಸಿಟ್ಟಿದ್ದ ತೂತಿನ ಪೇಪರು ಬಿಡಿಸಿ ಗೋಣಿಯ ಮೇಲೆ ಹಾಸಿಕೊಂಡಳು. ಬಲಗೈಯಲ್ಲಿ ದುರ್ಬೀನು, ಎಡಗೈ ಬೆರಳು ಪೇಪರಿನ ಮೇಲೆ. ಒಂದೊಂದು ಚುಕ್ಕಿಗೂ ಒಂದೊಂದು ತೂತು ಮುಟ್ಟುತ್ತ ಬಂದಳು. ಹುಳುಮನೆಯಲ್ಲಿ ಸ್ಟ್ಯಾಂಡಿನಿಂದ ಸ್ಟ್ಯಾಂಡಿಗೆ ಹೋಗುತ್ತಿದ್ದಳಲ್ಲ, ಅದೇ ನಿಧಾನ. ಒಂಬತ್ತನೆಯದಕ್ಕೆ ಬೆರಳು ನಿಂತಿತು.

“ತೂತದೆ, ಚುಕ್ಕಿ ಇಲ್ಲ.”

ಅವಳು ದುರ್ಬೀನನ್ನು ಕೂದಲೆಳೆಯಷ್ಟು ಪಶ್ಚಿಮಕ್ಕೆ ಸರಿಸಿದಳು.

“ಇಲ್ ಬಂದು ಕುಂತದೆ ನೋಡು ಬಡ್ಡಿಮಗಂದು. ಇಲ್ ತೂತಿಲ್ಲ, ಚುಕ್ಕಿ ಅದೆ.” ಮಗುವಿನ ಹಾಗೆ ನಕ್ಕಳು. “ಎದ್ದೋಗ್ಬುಟ್ಟದೆ ಕಣ್ಲಾ ನಂಜ! ಸಿಕ್ಕಾಕಂತು!”

“ನನ್ನದು?” ಎಂದು ಕೇಳಿದೆ. ಕೇಳಬೇಕಾಗಿರಲಿಲ್ಲ.

ಅವಳು ನನ್ನ ನೋಟ್‌ಬುಕ್ಕಿನ ಮೂಲೆಯ ಚುಕ್ಕಿಯನ್ನು ಹುಡುಕಿ ನೋಡಿದಳು. “ನಿಂದು ಇದ್ದಲ್ಲೇ ಗೂಟ ಒಡ್ಕಂಡ್ ಕುಂತದೆ” ಎಂದಳು. ಅದರಲ್ಲಿ ವ್ಯಂಗ್ಯವಿರಲಿಲ್ಲ. ವರದಿ ಒಪ್ಪಿಸಿದಳು ಅಷ್ಟೇ, ನಾನು ಒಪ್ಪಿಸಬೇಕಾಗಿದ್ದ ಹಾಗೆ.

ಸ್ವಲ್ಪ ಹೊತ್ತಿನ ಮೇಲೆ ನಾನು ಹೇಳಿದೆ. “ಪೇಪರಿನಲ್ಲಿ ಬಂದುಬಿಟ್ಟಿದೆ, ಅಕ್ಕ.”

“ಯಾರ್ಗ್ ಗೊತ್ತಾಯ್ತದೆ ಬುಡು. ಇಲ್ಲಿದ್ದೋರು ನಾವಿಬ್ರೇಯ. ನಾ ಯೋಳಾಕಿಲ್ಲ.” ಪೇಪರನ್ನು ಮಡಿಸುತ್ತ ಇನ್ನೊಂದು ಮಾತು ಸೇರಿಸಿದಳು. “ಅವತ್ತೂ ಯೋಳ್ನಿಲ್ಲ.”

“ಯಾವತ್ತು?”

“ಒಬ್ಬಟ್ಟಿನ್ ದಿವ್ಸ. ನೀ ಬೆಟ್ ಮಾಡಿದ್ ಕಡೆ ಉಣ್ಸೆ ಮರ ಇತ್ತು ಕಣ್ಲಾ. ಚಂದ್ರ ಎಲ್ಲಿತ್ತು?”

ಐವತ್ತು ವರ್ಷ ನಾನು ಕಾಪಾಡಿಕೊಂಡು ಬಂದಿದ್ದ ಒಂದೇ ಒಂದು ಗೆಲುವು ಆ ಮಹಡಿಯ ಮೇಲೆ ಹೀಗೆ ಮುಗಿಯಿತು. ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ‘ಊಂ’ ಎಂದಿದ್ದಳು. ಕಣ್ಣಿನ ಮೇಲೆ ಹೊಟ್ಟೆಕಿಚ್ಚು ಪಡುವುದು ನನಗೆ ರೂಢಿಯಾಗಿತ್ತು. ಈಗ ಅವಳ ಬಾಯಿಯ ಮೇಲೂ ಪಡಬೇಕಾಗಿ ಬಂತು. ಸುದ್ದಿಯೊಂದನ್ನು ಐವತ್ತು ವರ್ಷ ಹೊರಗೆ ಬಿಡದೆ ಇಟ್ಟುಕೊಳ್ಳುವುದು ನನ್ನ ಕೈಯಲ್ಲಿ ಆಗುವ ಕೆಲಸವಲ್ಲ.

“ತಗಾ, ನೋಡು” ಎಂದು ದುರ್ಬೀನು ಕೊಟ್ಟಳು. ಎಲ್ಲಿ ನೋಡಬೇಕೆಂದು ಭುಜ ಹಿಡಿದು ತಿರುಗಿಸಿದಳು. ನನ್ನ ಮುಖ ಬಿಸಿಯಾಗಿತ್ತು. ಕಣ್ಣಿಗೆ ಒತ್ತಿಕೊಂಡ ಕೂಡಲೇ ಗಾಜಿನ ಮೇಲೆ ಆವಿ ಕವಿಯಿತು. ಒರೆಸಿದೆ, ಮತ್ತೆ ಕವಿಯಿತು. ಮೂರನೇ ಸಲ ಒರೆಸುವ ಹೊತ್ತಿಗೆ ಆಗ್ನೇಯದಲ್ಲಿ ಮೋಡ ಏರಿತ್ತು. ಆ ವಾರವೇ ಮಳೆ ಹಿಡಿಯಿತು. ದಾಖಲೆಗಾಗಿ ಬರೆಯುತ್ತಿದ್ದೇನೆ: ಈ ಸಾಲು ಬರೆಯುವವರೆಗೆ ನಾನು ವೆಸ್ಟಾವನ್ನು ಕಂಡಿಲ್ಲ.

ಸೋಮವಾರ ಪುರವಣಿಯ ಉಪಸಂಪಾದಕಿಗೆ ಫೋನು ಮಾಡಿ ತಿದ್ದುಪಡಿ ಹಾಕಬೇಕು ಎಂದೆ.

“ಏನು ಸಾರ್, ಹೆಸರು ತಪ್ಪಾಗಿದೆಯಾ?”

“ಇಲ್ಲಮ್ಮ. ನಾನು ಕಂಡೆ ಅಂತ ಬರೆದಿದ್ದೆನಲ್ಲ, ಕಂಡಿಲ್ಲ.”

“ಸಾರ್, ಆಕಾಶದಲ್ಲಿರೋ ಕಲ್ಲು. ಅದೇನು ಬಂದು ಕೇಳುತ್ತಾ?”

ಕಲ್ಲು ಕೇಳುವುದಿಲ್ಲ. ಕೇಳುವವರು ಯಾರೂ ಇಲ್ಲ ಎಂಬುದನ್ನು ಭಾನುವಾರ ರಾತ್ರಿಯ ಬಸ್ಸಿನಲ್ಲಿ ನಾನೂ ಯೋಚಿಸಿದ್ದೆ. ಹೇಳದೆ ಇರುವ ದಾರಿ ಬಹಳ ಸಲೀಸಾಗಿತ್ತು. ಆದರೆ ಆ ದಾರಿ ಹಿಡಿದರೆ ಜಯಕ್ಕ ಎರಡನೇ ಸಲ ನನಗಾಗಿ ಬಾಯಿ ಮುಚ್ಚಿಕೊಂಡ ಹಾಗೆ ಆಗುತ್ತಿತ್ತು. ಆ ಋಣ ಬೇಡ ಎನಿಸಿತು. ಇದನ್ನು ಪ್ರಾಮಾಣಿಕತೆ ಎಂದು ಯಾರಾದರೂ ಹೊಗಳಿದರೆ ನಾನು ತಡೆಯುವುದಿಲ್ಲ. ಒಳಗಿದ್ದದ್ದು ಮಾತ್ರ ಬೇರೆ.

ಮುಂದಿನ ಭಾನುವಾರ ಅಂಕಣದ ಕೆಳಗೆ, ಒಂದು ಬೆರಳಿನ ಅಗಲದಲ್ಲಿ, ಅದು ಬಂತು. ‘ಕಳೆದ ವಾರದ ಲೇಖನದಲ್ಲಿ ಲೇಖಕರು ಕಂಡದ್ದು ಸಾಮಾನ್ಯ ನಕ್ಷತ್ರ. ವೆಸ್ಟಾ ಕ್ಷುದ್ರಗ್ರಹವನ್ನು ಕಂಡು ಗುರುತಿಸಿದವರು ಅವರ ಅಕ್ಕ, ರೇಷ್ಮೆ ಸಾಕಣೆದಾರರಾದ ಜಯಮ್ಮ.’ ಅಕ್ಕ ಎಂಬ ಮಾತನ್ನು ನಾನೇ ಬರೆದೆ. ಎಂಟು ತಿಂಗಳ ವಿಷಯ ಬರೆಯಲಿಲ್ಲ.

ಆ ಸಂಜೆ ಅವಳ ಫೋನು. “ಏನ್ಲಾ ಇದು, ಸೊಪ್ ತರೋ ಎಣ್ಣಾಳೆಲ್ಲ ‘ಜಯಕ್ಕ, ಆ ಕಲ್ ಎಲ್ಲದೆ ತೋರ್ಸಕ್ಕ’ ಅಂತ ಬಾಗ್ಲುಗ್ ಬಂದವ್ರೆ. ನಂಗ್ ಕೆಲ್ಸ ಇಲ್ವಾ?” ದನಿಯಲ್ಲಿ ಸಂತೋಷ ಬಚ್ಚಿಟ್ಟರೂ ಇಣುಕುತ್ತಿತ್ತು. ಅಲ್ಲೇ ಬಿಟ್ಟು ಬಂದಿದ್ದ ದುರ್ಬೀನು ಅವಳಲ್ಲೇ ಇರಲಿ ಎಂದೆ. “ಇರ್ಲಿ ಬುಡು” ಎಂದಳು, ಅದು ಮೊದಲಿನಿಂದಲೂ ಅವಳದೇ ಎಂಬಂತೆ. ಆಮೇಲೆ ಮಳೆಗಾಲ ಕಳೆದು ಬಾನು ತೆರೆದಾಗ ಮತ್ತೆ ಫೋನು ಬಂತು. ಇನ್ನೊಂದು ಕಲ್ಲು ಹಿಡಿದಿದ್ದಾಳಂತೆ, ಇದು ಸೀರೆಸ್ ಎಂಬ ಕ್ಷುದ್ರಗ್ರಹ ಇರಬೇಕೆಂದು ಅವಳ ಮೊಮ್ಮಗಳು ಫೋನಿನಲ್ಲಿ ನೋಡಿ ಹೇಳಿದಳಂತೆ. ಮೂರು ಹಾಳೆ ತೂತಾಯಿತಂತೆ. ನಾನು “ಬಹಳ ಸಂತೋಷ” ಎಂದೆ. ಅದು ‘ಎನ್ನಲಾಗಿದೆ’ ಜಾತಿಯ ಸಂತೋಷ.

ಈ ವರ್ಷದ ಯುಗಾದಿಗೆ ಅವಳ ಮನೆಯಲ್ಲೇ ಸೇರಿದೆವು. ಸಂಜೆ ಎಲ್ಲರೂ ಮಹಡಿ ಹತ್ತಿ ಪಶ್ಚಿಮಕ್ಕೆ ಮುಖ ಮಾಡಿದೆವು. ಮೊದಲು ಕಂಡವಳು ಯಾರೆಂದು ಬರೆಯಬೇಕಾಗಿಲ್ಲ. ಒಬ್ಬೊಬ್ಬರಾಗಿ “ಕಂಡ್ತು, ಕಂಡ್ತು” ಎಂದರು. ಜಯಕ್ಕನ ಗಂಡ, ನಮ್ಮ ಭಾವನವರು ಕಂಡರು, ಮಕ್ಕಳು ಕಂಡರು. ಜಯಕ್ಕ ನನ್ನ ಕಡೆ ತಿರುಗಿದಳು.

“ನಿಂಗೆ ಕಂಡ್ತೇನ್ಲಾ?”

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಕೆಳಗಿನಿಂದ ತುಪ್ಪದ ವಾಸನೆ ಬರುತ್ತಿತ್ತು.

“ಇಲ್ಲ” ಎಂದೆ.

“ಒಬ್ಬಟ್ಟು ಆರೋಯ್ತದೆ ಕಣಮ್ಮಿ, ಇಳೀರಿ” ಎಂದರು ಭಾವ.

“ಆರ್ಲಿ. ಇವ್ನಿಗ್ ಕಾಣಗಂಟ ಯಾರೂ ಇಳಿಯಂಗಿಲ್ಲ” ಎಂದಳು ಜಯಕ್ಕ. ನನಗೆ ಎಲ್ಲಿದೆ ಎಂದು ಬೆಟ್ಟು ಮಾಡಿ ತೋರಿಸಲಿಲ್ಲ. ಸುಮ್ಮನೆ ಪಕ್ಕದಲ್ಲಿ ನಿಂತಳು. ಮೊಮ್ಮಗಳು ಆಕಳಿಸಿದಳು. ನಾನು ಕನ್ನಡಕ ಒರೆಸಿದೆ, ಹಾಕಿದೆ, ಮತ್ತೆ ಒರೆಸಿದೆ. ತೆಂಗಿನ ಗರಿಗಳ ಮೇಲೆ ಕೆಂಪು ಮಾಸಿ ಬೂದಿಯಾಗುತ್ತಿತ್ತು. ಹತ್ತು ನಿಮಿಷವಾಗಿರಬೇಕು. ಆಗ, ನಾನು ಅಷ್ಟು ಹೊತ್ತೂ ಹುಡುಕುತ್ತಿದ್ದ ಜಾಗಕ್ಕಿಂತ ಬಹಳ ಎಡಕ್ಕೆ, ಒಂದು ಗೆರೆ. ಇತ್ತು, ಇರಲಿಲ್ಲ, ಇತ್ತು.

“ಕಂಡಿತು” ಎಂದೆ.

“ಎಲ್ಲಿ, ತೋರ್ಸು ನೋಡವ.”

ತೋರಿಸಿದೆ. ಅವಳು ನನ್ನ ಬೆರಳಿನ ಉದ್ದಕ್ಕೂ ನೋಡಿದಳು. “ಊಂ, ಅದೇಯ” ಎಂದಳು.

ನಮ್ಮ ಮನೆತನದಲ್ಲಿ ಈಗ ನನಗಿಂತ ಹಿರಿಯಳು ಅವಳೊಬ್ಬಳೇ. ಎಂಟು ತಿಂಗಳು. ಬಗ್ಗಿ ಅವಳ ಕಾಲು ಮುಟ್ಟಿದೆ. ಅವಳು ನನ್ನ ತಲೆಯ ಮೇಲೆ ಕೈಯಿಟ್ಟು, “ಒಳ್ಳೇದಾಗ್ಲಿ ಕಣ್ಲಾ. ಬರೋ ವರ್ಸ ನೀನೇ ಮೊದ್ಲು ಕಾಣು” ಎಂದು ಹರಸಿದಳು. ನಾನು ತಲೆಯೆತ್ತಿ ನೋಡಿದೆ. ಕೈ ಇನ್ನೂ ನನ್ನ ತಲೆಯ ಮೇಲೇ ಇತ್ತು. ಕಣ್ಣು ಆಗಲೇ ಆಕಾಶದ ಇನ್ನೊಂದು ಮೂಲೆಯಲ್ಲಿತ್ತು.